ಕೆಳಗಿಂದ ಅಣ್ಣ ಹೇಳಿದ್ದು

1984ರ ಫೆಬ್ರುವರಿ 19. ಸರಯೇವೊ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಪುರುಷರ ಸ್ಲಾಲಮ್. ಹಿಮದ ಇಳಿಜಾರಿನಲ್ಲಿ ನೆಟ್ಟ ಕಂಬಗಳ ನಡುವೆ ಸ್ಕೀ ಮೇಲೆ ಹಾವಿನಂತೆ ಹೊರಳುತ್ತ ಇಳಿಯಬೇಕು. ಎರಡು ಸುತ್ತಿನ ಸಮಯ ಕೂಡಿಸಿ ಲೆಕ್ಕ. ಅಮೆರಿಕದ ಫಿಲ್ ಮಾಹ್ರೆ ಎರಡನೇ ಸುತ್ತು ಮುಗಿಸಿ ಮುಂದೆ ಬಂದಿದ್ದ. ಮೊದಲ ಸುತ್ತಿನಲ್ಲಿ ಅವನನ್ನು ಹಿಂದಿಕ್ಕಿದ್ದವನು ಇನ್ನೂ ಮೇಲೆ ಕಾಯುತ್ತಿದ್ದ. ಫಿಲ್ ವಾಕಿಟಾಕಿ ಹಿಡಿದು, ಹಾದಿ ಹೇಗಿದೆ ಎಂದು ಅವನಿಗೇ ವಿವರಿಸಿದ. ಮೇಲಿದ್ದವನು ಸ್ಟೀವ್, ನಾಲ್ಕೇ ನಿಮಿಷಕ್ಕೆ ತಮ್ಮನಾದ ಅವಳಿ. ಅಷ್ಟು ಹೇಳಿಸಿಕೊಂಡೂ 0.21 ಸೆಕೆಂಡು ತಡವಾಯಿತು. ಅಣ್ಣನಿಗೆ ಚಿನ್ನ, ತಮ್ಮನಿಗೆ ಬೆಳ್ಳಿ.

ತದ್ರೂಪಿ ಅವಳಿಗಳಲ್ಲವೇ, ರಕ್ತದಲ್ಲೇ ಬಂದದ್ದು ಎನ್ನಬಹುದು. ಅದು ಅರ್ಧ ನಿಜ. 1980ರ ದಶಕದಲ್ಲಿ ಕೆನಡಾದ ಸಂಶೋಧಕರು 10 ಜೋಡಿ ತದ್ರೂಪಿ ಅವಳಿಗಳಿಗೆ 20 ವಾರ ಒಂದೇ ತೆರನಾದ ತಾಲೀಮು ಕೊಟ್ಟು ನೋಡಿದರು. ದೇಹ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ ಕೆಲವರಲ್ಲಿ ಚೆನ್ನಾಗಿ ಏರಿತು, ಕೆಲವರಲ್ಲಿ ಮಿಸುಕಲೇ ಇಲ್ಲ. ಆದರೆ ಜೋಡಿಯೊಳಗೆ ಇಬ್ಬರ ಏರಿಕೆಯೂ ಬಹುಮಟ್ಟಿಗೆ ಹತ್ತಿರ ಹತ್ತಿರ. ಬೆವರು ಸುರಿಸಿದರೆ ಎಷ್ಟು ಫಲ ಎಂಬುದರಲ್ಲೂ ಜೀನ್‌ಗಳ ಪಾಲಿದೆ ಎಂದಾಯಿತು.

ಉಳಿದರ್ಧ ನನಗೆ ಹೆಚ್ಚು ಕುತೂಹಲದ್ದು. ಪಕ್ಕದ ಮನೆಯ ಹುಡುಗ ವೇಗವಾಗಿ ಓಡಿದರೆ ‘ಅವನ ಮೈಕಟ್ಟೇ ಬೇರೆ’ ಎಂದು ಸಮಾಧಾನ ಮಾಡಿಕೊಳ್ಳಬಹುದು. ತನ್ನದೇ ಮೈಕಟ್ಟಿನವನು ಓಡಿದರೆ ಆ ನೆಪವೂ ಇಲ್ಲ. ಅವನಿಗಾದದ್ದು ನನಗೂ ಆಗಬೇಕು. ಫಿಲ್ ಕೊಟ್ಟ ವಿವರಕ್ಕೆ ಬೆಲೆ ಬಂದದ್ದೂ ಇದರಿಂದಲೇ ಇರಬೇಕು. ಅಂಥದೇ ಕಾಲುಗಳು ಆಗಷ್ಟೇ ಆ ಹಾದಿ ಇಳಿದಿದ್ದವು.

ಈ ಹೋಲಿಕೆ ಚುಚ್ಚುವುದೂ ಉಂಟು. ಆಸ್ಟ್ರೇಲಿಯಾದ ಸ್ಟೀವ್ ವಾ 1985ರಲ್ಲಿ ಭಾರತದ ವಿರುದ್ಧ ಟೆಸ್ಟ್‌ಗೆ ಕಾಲಿಟ್ಟ. ಅವಳಿ ಮಾರ್ಕ್ (ಇವರು ತದ್ರೂಪಿಗಳಲ್ಲ) ಐದು ವರ್ಷ ಕಾದ. ತಂಡದವರು ಅವನನ್ನು ‘ಅಫ್ಘನ್’ ಎಂದು ಕರೆದರು: ‘ವಾ’ ಎಂಬುದು ಇಂಗ್ಲಿಷಿನ ಯುದ್ಧದಂತೆ ಕೇಳಿಸುತ್ತದೆ, ಆಗ ಜಗತ್ತು ಮರೆತಿದ್ದ ಯುದ್ಧ ಅಫ್ಘಾನಿಸ್ತಾನದ್ದು. 1991ರ ಜನವರಿಯಲ್ಲಿ ಅವನಿಗೆ ಜಾಗ ಸಿಕ್ಕಿತು. ಯಾರನ್ನು ಕೈಬಿಟ್ಟು? ಸ್ಟೀವ್‌ನನ್ನೇ. ಆಯ್ಕೆಯ ಸುದ್ದಿ ತಂದವನೂ ಸ್ಟೀವ್. ಅಡಿಲೇಡ್‌ನಲ್ಲಿ ಮಾರ್ಕ್ 138 ರನ್ ಹೊಡೆದ.

ಟೆನಿಸ್‌ನ ಅವಳಿಗಳಾದ ಬಾಬ್ ಮತ್ತು ಮೈಕ್ ಬ್ರಯನ್ ಅವರ ಅಪ್ಪ-ಅಮ್ಮ ಈ ಪೇಚನ್ನು ಮೊದಲೇ ಊಹಿಸಿದ್ದರು. ಮಕ್ಕಳ ಟೂರ್ನಿಗಳಲ್ಲಿ ಇವರಿಬ್ಬರೇ ಎದುರುಬದುರಾದರೆ ಆಡುವಂತಿಲ್ಲ. ಈ ಸಲ ಒಬ್ಬ ಬಿಟ್ಟುಕೊಟ್ಟರೆ ಮುಂದಿನ ಸಲ ಇನ್ನೊಬ್ಬ. ಬಾಬ್ ಎಡಚ, ಮೈಕ್ ಬಲಗೈಯವನು. ಡಬಲ್ಸ್‌ಗೆ ಇದು ವರ. ಒಬ್ಬನ ಸರ್ವ್ ಹೊರಳುವುದು ಒಂದು ಕಡೆಗಾದರೆ ಇನ್ನೊಬ್ಬನದು ಇನ್ನೊಂದು ಕಡೆಗೆ, ಎದುರಾಳಿಗೆ ಹೊಂದಿಕೊಳ್ಳಲು ಪುರಸೊತ್ತಿಲ್ಲ. ಜೊತೆಯಾಗಿ 16 ಗ್ರ್ಯಾನ್‌ಸ್ಲಾಮ್ ಗೆದ್ದರು.

2018ರಲ್ಲಿ ಬಾಬ್ ಸೊಂಟದ ನೋವಿನಿಂದ ಹೊರಗುಳಿದಾಗ ಮೈಕ್, ಜ್ಯಾಕ್ ಸಾಕ್ ಜೊತೆ ಸೇರಿ ವಿಂಬಲ್ಡನ್ ಗೆದ್ದ, ಯುಎಸ್ ಓಪನ್ನನ್ನೂ ಗೆದ್ದ. ಮರುವರ್ಷ ಬಾಬ್ ಲೋಹದ ಕೀಲು ಹಾಕಿಸಿಕೊಂಡು ಅಂಗಣಕ್ಕೆ ಮರಳಿದ. ಮೈಕ್, ಗೆಲ್ಲಿಸಿದ ಜೊತೆಗಾರನನ್ನು ಬಿಟ್ಟು ಮತ್ತೆ ಅವನ ಪಕ್ಕಕ್ಕೇ ಬಂದು ನಿಂತ.