ರೇಮೊಂತನ ಹಳ್ಳಿ
ವಾರ್ಸಾದ ನೈಋತ್ಯಕ್ಕೆ, ಹಳೆಯ ವಾರ್ಸಾ-ವಿಯೆನ್ನಾ ರೈಲುದಾರಿಯ ಮೇಲೆ ಲಿಪ್ತ್ಸೆ ಎಂಬ ಹಳ್ಳಿಯಿದೆ. ಸುತ್ತಲ ಊರುಗಳನ್ನು ಕೂಡಿಸಿಕೊಂಡು ಅದೊಂದು ‘ಗ್ಮಿನಾ’. ನಮ್ಮ ಗ್ರಾಮ ಪಂಚಾಯಿತಿಯನ್ನು ಹೋಲುವ ಆಡಳಿತ ಘಟಕ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇದರ ಆಸುಪಾಸಿನಲ್ಲಿ ರೈಲ್ವೆಯ ಸಣ್ಣ ನೌಕರನಾಗಿದ್ದವನು ವ್ವಾದಿಸ್ವಾವ್ ರೇಮೊಂತ್. ಆಗ ಪೋಲೆಂಡ್ ಎಂಬ ರಾಜ್ಯವೇ ಭೂಪಟದಲ್ಲಿರಲಿಲ್ಲ. ಈ ಸೀಮೆ ರಷ್ಯದ ಚಕ್ರವರ್ತಿಯ ಅಧೀನದಲ್ಲಿತ್ತು. 1864ರಲ್ಲಿ ಬಿಟ್ಟಿ ದುಡಿಮೆ ತೊಲಗಿ ಉಳುವವನಿಗೆ ಹೊಲ ದಕ್ಕಿತ್ತು; ನೆಲದ ಹಸಿವು ಮಾತ್ರ ಹಿಂಗಿರಲಿಲ್ಲ.

ಆ ಹಸಿವನ್ನೇ ರೇಮೊಂತ್ ‘ರೈತರು’ ಕಾದಂಬರಿಯಲ್ಲಿ, ಋತುವಿಗೊಂದರಂತೆ ನಾಲ್ಕು ಭಾಗಗಳಲ್ಲಿ ಚಿತ್ರಿಸಿದ. ತಂದೆ-ಮಗ ವೈರಿಗಳಾಗುವ, ಕಾಡನ್ನು ಉಳಿಸಿಕೊಳ್ಳಲು ಊರೇ ಒಂದಾಗುವ ಕಥೆಯದು. ಆ ಊರಿನ ಹೆಸರೂ ಲಿಪ್ತ್ಸೆಯೇ. 1924ರಲ್ಲಿ ಆತನಿಗೆ ನೊಬೆಲ್ ಪಾರಿತೋಷಕ ಸಂದಿತು. 1983ರಲ್ಲಿ ಹಳ್ಳಿ ‘ಲಿಪ್ತ್ಸೆ ರೇಮೊಂತೊವ್‌ಸ್ಕ್ಯೆ’, ಅಂದರೆ ರೇಮೊಂತನ ಲಿಪ್ತ್ಸೆ, ಆಯಿತು. ನಾಡೇ ಹೆಸರು ಕಳೆದುಕೊಂಡಿದ್ದಾಗ ತನ್ನ ಹೆಸರನ್ನು ಉಳಿಸಿಕೊಟ್ಟವನಿಗೆ ಊರು ತೀರಿಸಿದ ಋಣವಿದು.