ಹಬ್ಬದ ರಜೆಯಲ್ಲಿ ಗಣಕದ ಲೆಕ್ಕ

ಹಬ್ಬದ ರಜೆ ಬಂದಿತೆಂದರೆ ಚಿಕ್ಕ ಮಕ್ಕಳಿಗೆ ಲೆಕ್ಕದ ಪುಸ್ತಕದ ನೆನಪೇ ಆಗದು. ಆದುದರಿಂದ ಹಬ್ಬದ ಚಿತ್ರಗಳನ್ನು ಮುಂದಿಟ್ಟುಕೊಂಡು ಗಣಕದಲ್ಲೋ ಮೊಬೈಲಿನಲ್ಲೋ ಲೆಕ್ಕ ಮಾಡಿಸುವ ರೂಢಿ ಈಗ ಬೆಳೆದಿದೆ. ಮೂರನೆಯ ತರಗತಿಯಲ್ಲಿ ಓದುವ ನನ್ನ ತಮ್ಮನಿಗಾಗಿ ನಾನೂ ಅಂತಹುದೊಂದನ್ನು ಮಾಡಿದೆನು. ಅದರಿಂದ ನಾನು ಕಲಿತ ಪಾಠವನ್ನು ಇಲ್ಲಿ ವಿವರಿಸಬಯಸುತ್ತೇನೆ.

ಇದಕ್ಕೆ ವಿಶೇಷ ಪಾಂಡಿತ್ಯವೇನೂ ಬೇಡ. ಗೂಗಲ್ ಶೀಟ್ಸ್‌ನಂತಹ ಕೋಷ್ಟಕದಲ್ಲಿ ಒಂದು ಮನೆಯಲ್ಲಿ ಲೆಕ್ಕವನ್ನು ಬರೆದು, ಪಕ್ಕದ ಮನೆಯನ್ನು ಉತ್ತರಕ್ಕೆ ಖಾಲಿ ಬಿಡಬೇಕು. ಉತ್ತರದ ಮನೆಯಲ್ಲಿ ಸರಿಯಾದ ಸಂಖ್ಯೆ ಬಿದ್ದರೆ ಮಾತ್ರ ಇಂತಿಂಥ ಮನೆಗಳಿಗೆ ಬಣ್ಣ ಬರಲಿ ಎಂದು ನಿಯಮ ಹಾಕಬಹುದು. ಆ ಬಣ್ಣದ ಮನೆಗಳೆಲ್ಲ ಕೂಡಿ ಚಿತ್ರವಾಗುತ್ತದೆ. ದಸರೆಗೆಂದು ನಾನು ಹತ್ತು ಲೆಕ್ಕಗಳನ್ನು ಇಟ್ಟೆನು. ಒಂದೊಂದು ಸರಿಯುತ್ತರಕ್ಕೂ ಮೆಟ್ಟಿಲ ಮೇಲೆ ಒಂದೊಂದು ಗೊಂಬೆ. ಪ್ರತಿ ಲೆಕ್ಕಕ್ಕೂ ಮೂರು ಉತ್ತರಗಳನ್ನು ಕೊಟ್ಟು ಒಂದನ್ನು ಆರಿಸಲು ಹೇಳಿದ್ದೆನು.

ಗೊಂಬೆಗಳೆಲ್ಲ ಕ್ಷಣದಲ್ಲಿ ಮೆಟ್ಟಿಲೇರಿದವು! ನನಗೆ ಹಿಡಿಸಲಾರದ ಹೆಮ್ಮೆ. ಹಬ್ಬ ಮುಗಿದು ಅಮ್ಮ ಗೊಂಬೆಗಳನ್ನು ಪೆಟ್ಟಿಗೆಗೆ ಸೇರಿಸುತ್ತಿದ್ದಾಗ, "52 ಗೊಂಬೆಯಲ್ಲಿ 27 ಇಟ್ಟಾಯಿತು, ಇನ್ನೆಷ್ಟೋ ಮರಿ?" ಎಂದಳು. "35," ಎಂದ ತಮ್ಮ. ಅದೇ ಲೆಕ್ಕ ನನ್ನ ಹತ್ತರಲ್ಲಿ ಒಂದಾಗಿತ್ತು!

ಆಗ ನನ್ನ ಕಣ್ಣು ತೆರೆಯಿತು. ಮೂರು ಉತ್ತರಗಳಿದ್ದಲ್ಲಿ ಹೆಚ್ಚೆಂದರೆ ಮೂರು ಸಲ ಒತ್ತಿದರೆ ಸಾಕು, ಗೊಂಬೆ ಬಂದೇ ಬರುತ್ತದೆ. ಅವನು ಕಲಿತದ್ದು ಒತ್ತುವುದನ್ನು, ಕಳೆಯುವುದನ್ನಲ್ಲ. ಬೋಧನಾಯಂತ್ರಗಳ ವಿಷಯದಲ್ಲಿ ಹೆಸರಾದ ಬಿ. ಎಫ್. ಸ್ಕಿನ್ನರ್ ಅವರು 1958ರಲ್ಲಿಯೇ, ವಿದ್ಯಾರ್ಥಿಯು ಉತ್ತರವನ್ನು ಆರಿಸುವುದಕ್ಕಿಂತ ತಾನೇ ರಚಿಸುವುದು ಮೇಲೆಂದು ವಾದಿಸಿದ್ದರು.

ಇನ್ನು 35 ಎಂಬ ಉತ್ತರವಾದರೂ ಬಾಯಿಗೆ ಬಂದುದಲ್ಲ. ಎರಡರಲ್ಲಿ ಏಳು ಹೋಗದೆಂದು ಏಳರಲ್ಲಿಯೇ ಎರಡನ್ನು ಕಳೆದು 5 ಎಂದಿದ್ದನು. ಐದರಲ್ಲಿ ಎರಡು ಹೋಗಿ 3. ಮಕ್ಕಳ ಇಂತಹ ತಪ್ಪುಗಳಲ್ಲಿ ಅನೇಕವು ಅಜಾಗರೂಕತೆಯಿಂದಲ್ಲ, ತಪ್ಪು ನಿಯಮವೊಂದನ್ನು ನಿಷ್ಠೆಯಿಂದ ಪಾಲಿಸುವುದರಿಂದ ಆಗುತ್ತವೆಂದು 1978ರಲ್ಲಿ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ಸಂಶೋಧಕರು ತೋರಿಸಿಕೊಟ್ಟರು. "ತಪ್ಪು" ಎಂದಷ್ಟೇ ಹೇಳುವ ಯಂತ್ರದಿಂದ ಆ ನಿಯಮ ತಿದ್ದುವುದೆಂತು?

ದೀಪಾವಳಿಗೆ ದೀಪದ ಸಾಲೊಂದನ್ನು ಹೊಸದಾಗಿ ರಚಿಸಿದೆನು. ಈ ಸಲ ಉತ್ತರವನ್ನು ಅವನೇ ಬರೆಯಬೇಕು. ಎರಡಂಕಿಯ ಸಂಖ್ಯೆಗಳು ತೊಂಬತ್ತು ಇರುವುದರಿಂದ ಊಹೆಯ ಆಟ ನಡೆಯದು. ಪ್ರತಿ ಲೆಕ್ಕಕ್ಕೂ ಅವನ ತಪ್ಪು ನಿಯಮದಿಂದ ಬರುವ ಉತ್ತರವನ್ನು ಮೊದಲೇ ಕಂಡುಕೊಂಡು, ಅದನ್ನು ಬರೆದರೆ "ಒಂದು ಹತ್ತರ ಕಟ್ಟನ್ನು ಬಿಚ್ಚಿ ನೋಡು" ಎಂಬ ಮಾತು ಮೂಡುವಂತೆ ಮಾಡಿದೆನು. ಬಳಿಯಲ್ಲಿ ಹತ್ತು ಹತ್ತಾಗಿ ಕಟ್ಟಿದ ಬೆಂಕಿಕಡ್ಡಿಗಳನ್ನೂ ಇರಿಸಿದೆನು.

61ರಲ್ಲಿ 38 ಕಳೆಯಬೇಕಾಗಿತ್ತು. 37 ಎಂದು ಬರೆದನು. ದೀಪ ಹತ್ತಲಿಲ್ಲ, ಮಾತು ಮೂಡಿತು. ಮುಖ ಸಣ್ಣದು ಮಾಡಿಕೊಂಡು ಕಟ್ಟು ಬಿಚ್ಚಿದನು. ಒಂದು ಕಡ್ಡಿಗೆ ಹತ್ತು ಸೇರಿ ಹನ್ನೊಂದು. ಅದರಲ್ಲಿ ಎಂಟು ಹೋಗಿ ಮೂರು. ಉಳಿದ ಐದು ಕಟ್ಟುಗಳಲ್ಲಿ ಮೂರು ಹೋಗಿ ಎರಡು. "ಅಕ್ಕಾ, 23!" ಎಂದು ಕೂಗಿದನು. ಆ ಸಂಜೆ ಹತ್ತಿದ ದೀಪಗಳು ನಾಲ್ಕೇ. ಆದರೆ ನಾಲ್ಕನೆಯದಕ್ಕೆ ಅವನು ಕಡ್ಡಿಗಳನ್ನು ಮುಟ್ಟಲಿಲ್ಲ.

ನಮ್ಮಲ್ಲಿ ಅನೇಕರು ಮುಂದೆ ಉಪಾಧ್ಯಾಯರಾಗುವವರು. ಹಬ್ಬದ ಚಿತ್ರ ಮಗುವನ್ನು ಲೆಕ್ಕದ ಬಳಿಗೆ ಕರೆತರಬಲ್ಲುದು. ಅಲ್ಲಿಂದ ಮುಂದಕ್ಕೆ ಅದರ ತಪ್ಪನ್ನು ಓದಬಲ್ಲವರೊಬ್ಬರು ಬಳಿಯಲ್ಲಿ ಕುಳಿತಿರಬೇಕು. ಮುಂದಿನ ರಜೆಯಲ್ಲಿ ತಮ್ಮ ತಂಗಿಯರಿಗಾಗಿ ಸಹಪಾಠಿಗಳು ಇದನ್ನು ಪರೀಕ್ಷಿಸಿ ನೋಡಲಿ ಎಂದು ನನ್ನ ಬಿನ್ನಹ.