ಕೋಟದ ಮನೆಗಳಿಂದ ಮೊಬೈಲ್ ಪರದೆಯವರೆಗೆ

ಕೋಟ ಎಂದರೆ ಕನ್ನಡಿಗರಿಗೆ ಶಿವರಾಮ ಕಾರಂತರ ಊರು. ಮನೋವೈದ್ಯರಿಗೆ ಅದು ಇನ್ನೊಂದು ಕಾರಣಕ್ಕೂ ಗೊತ್ತು. ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ರವಿ ಕಪೂರ್ ಎಂಬ ಇಬ್ಬರು ಮನೋವೈದ್ಯರು ಅಲ್ಲಿನ ಬ್ರಾಹ್ಮಣ, ಬಂಟ, ಮೊಗವೀರ ಸಮುದಾಯಗಳ ನಡುವೆ ಸಮೀಕ್ಷೆ ನಡೆಸಿದರು. 1976ರಲ್ಲಿ ಅದು ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’ ಎಂಬ ಪುಸ್ತಕವಾಗಿ ಬಂತು. ಮನಸ್ಸಿನ ತೊಂದರೆ ಇದ್ದವರು ಡಾಕ್ಟರ ಬಳಿಗೂ ಹೋಗುತ್ತಿದ್ದರು, ಮಂತ್ರವಾದಿ, ಪಾತ್ರಿಗಳ ಬಳಿಗೂ ಹೋಗುತ್ತಿದ್ದರು. ಅದು ಸರಿ, ಇದು ತಪ್ಪು ಎಂಬ ಜಗಳವೇನೂ ಅವರಿಗಿರಲಿಲ್ಲ. ತೊಂದರೆ ಇದ್ದವರು ಹಳ್ಳಿಯಲ್ಲಿ, ಅದನ್ನು ಬಲ್ಲ ಮನೋವೈದ್ಯರು ಪಟ್ಟಣದಲ್ಲಿ. ಆಪ್ತ ಸಮಾಲೋಚಕರಿಗೆ ಇಂದು ನಡೆಯುವ ಮರುತರಬೇತಿಗಳ ಬೇರು ಹುಡುಕಿದರೆ ಈ ಅಂತರವೇ ಸಿಗುತ್ತದೆ.

ಕಪೂರ್ 1975ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ಗೆ ಬಂದರು. ಹಳೆಯ ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಒಂದಾಗಿ ನಿಮ್ಹಾನ್ಸ್ ಹುಟ್ಟಿದ್ದು 1974ರ ಡಿಸೆಂಬರ್‌ನಲ್ಲಿ. ಅಲ್ಲಿ ಸಮುದಾಯ ಮಾನಸಿಕ ಆರೋಗ್ಯ ಘಟಕ ಶುರುವಾಯಿತು, ಬನ್ನೇರುಘಟ್ಟದ ಹತ್ತಿರದ ಸಕಲವಾರ ಅದರ ಪ್ರಯೋಗಶಾಲೆಯಾಯಿತು. ಮೋಹನ್ ಐಸಾಕ್, ಸಿ.ಆರ್. ಚಂದ್ರಶೇಖರ್ ಮೊದಲಾದವರು ಕೆಲಸಕ್ಕೆ ಇಳಿದರು. ಚಂದ್ರಶೇಖರ್ ಅವರನ್ನು ಕನ್ನಡ ಓದುಗರಿಗೆ ಪರಿಚಯಿಸಬೇಕಿಲ್ಲ. ಮನಸ್ಸಿನ ಕಾಯಿಲೆಗಳ ಬಗ್ಗೆ ಪತ್ರಿಕೆಗಳಲ್ಲಿ ಅವರಷ್ಟು ಬರೆದವರು ವಿರಳ. ಮನೋವೈದ್ಯರು ಹಳ್ಳಿಗೆ ಹೋಗಿ ನೆಲೆಸುವುದು ಆಗದ ಮಾತು, ಆದ್ದರಿಂದ ಅಲ್ಲಿ ಆಗಲೇ ಇದ್ದ ಡಾಕ್ಟರು, ಆರೋಗ್ಯ ಕಾರ್ಯಕರ್ತೆಯರಿಗೆ ಕಲಿಸಬೇಕು. ಆ ತಂಡದ ಲೆಕ್ಕ ಇಷ್ಟು ಸರಳವಾಗಿತ್ತು. ಚಂಡೀಗಢದ ತಂಡವೊಂದು ಅದೇ ಹೊತ್ತಿಗೆ ಹರಿಯಾಣದ ರಾಯಪುರ್ ರಾಣಿಯಲ್ಲಿ ಇಂಥದ್ದೇ ಪ್ರಯೋಗ ಮಾಡುತ್ತಿತ್ತು.

ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ 1982ರಲ್ಲಿ ಬಂತು. ಇಡೀ ಜಿಲ್ಲೆಯ ಮಟ್ಟದಲ್ಲಿ ಇದು ನಡೆಯುತ್ತದೆಯೇ ಎಂದು ನೋಡಲು 1985ರಲ್ಲಿ ಆರಿಸಿಕೊಂಡದ್ದು ಬಳ್ಳಾರಿಯನ್ನು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ಎರಡು ವಾರ, ಆರೋಗ್ಯ ಕಾರ್ಯಕರ್ತರಿಗೆ ಒಂದು ವಾರ ತರಬೇತಿ. ಕಲಿಸಿದ್ದು ಎಲ್ಲವನ್ನೂ ಅಲ್ಲ: ತೀವ್ರ ಮನೋರೋಗ, ಖಿನ್ನತೆ, ಮೂರ್ಛೆ ರೋಗ, ಬುದ್ಧಿಮಾಂದ್ಯತೆಯಂಥ ಕೆಲವನ್ನು ಗುರುತಿಸುವುದು, ಬೆರಳೆಣಿಕೆಯ ಮಾತ್ರೆಗಳನ್ನು ಬಳಸುವುದು, ಯಾವಾಗ ದೊಡ್ಡಾಸ್ಪತ್ರೆಗೆ ಕಳಿಸಬೇಕು ಎಂದು ತಿಳಿಯುವುದು. ಈ ಬಳ್ಳಾರಿ ಮಾದರಿಯ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಾಲ್ಕು ಜಿಲ್ಲೆಗಳಲ್ಲಿ ಆರಂಭವಾಗಿ ಆಮೇಲೆ ದೇಶಕ್ಕೆಲ್ಲ ಹರಡಿತು.

ಹರಡಿದಂತೆ ದೋಷವೂ ಕಣ್ಣಿಗೆ ಬಿತ್ತು. ಕಲಿತ ಡಾಕ್ಟರಿಗೆ ವರ್ಗವಾಗುತ್ತಿತ್ತು. ವರ್ಗವಾಗದವರು ಮರೆಯುತ್ತಿದ್ದರು. ಎರಡು ವಾರ ಕಲಿತದ್ದು ಮೊದಲ ಕಠಿಣ ರೋಗಿ ಎದುರು ಕೂತಾಗಲೇ ಕೈಕೊಡುತ್ತಿತ್ತು. ಆಗ ಕೇಳಲು ಪಕ್ಕದಲ್ಲಿ ಯಾರೂ ಇಲ್ಲ. ಒಮ್ಮೆ ಹೇಳಿಕೊಟ್ಟು ಪ್ರಮಾಣಪತ್ರ ಕೈಗಿಟ್ಟರೆ ಮುಗಿಯಿತು ಎಂಬ ಸರ್ಕಾರಿ ನಂಬಿಕೆಯೇ ಇಲ್ಲಿ ಅಡ್ಡಿಯಾಗಿದ್ದು.

ಈ ನಡುವೆ ಹೊಸ ವರ್ಗವೊಂದು ಬೆಳೆದಿತ್ತು. ಎಚ್‌ಐವಿ ಪರೀಕ್ಷೆಯ ಐಸಿಟಿಸಿ ಕೇಂದ್ರಗಳಲ್ಲಿ, ಹದಿಹರೆಯದವರ ಸ್ನೇಹಾ ಕ್ಲಿನಿಕ್‌ಗಳಲ್ಲಿ, ಕಾಲೇಜುಗಳಲ್ಲಿ, ವ್ಯಸನಮುಕ್ತಿ ಕೇಂದ್ರಗಳಲ್ಲಿ ಆಪ್ತ ಸಮಾಲೋಚಕರು ಬಂದು ಕೂತರು. ಕೆಲವರು ಸಮಾಜಕಾರ್ಯ ಓದಿದವರು, ಕೆಲವರು ಮನಃಶಾಸ್ತ್ರ. ಎಚ್‌ಐವಿ ಫಲಿತಾಂಶ ಕೇಳಲು ಬಂದವನಲ್ಲಿ ಖಿನ್ನತೆ ಇದ್ದರೆ ಅದನ್ನು ಮೊದಲು ಕಾಣಬೇಕಾದವರು ಇವರೇ. ಹಾಗೆ ಕಾಣುವುದನ್ನು ಎಲ್ಲರಿಗೂ ಕಲಿಸಿರಲಿಲ್ಲ.

ಪರಿಹಾರದ ಒಂದು ದಾರಿ ಅಮೆರಿಕದಿಂದ ಬಂತು, ಅದೂ ಯಕೃತ್ತಿನ ಕಾಯಿಲೆಯ ಮೂಲಕ! ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದ ಸಂಜೀವ್ ಅರೋರಾ ಹೆಪಟೈಟಿಸ್ ಸಿ ತಜ್ಞರು. ತಮ್ಮ ಕ್ಲಿನಿಕ್‌ಗೆ ಬರಲು ರೋಗಿಗಳು ತಿಂಗಳುಗಟ್ಟಲೆ ಕಾಯುವುದನ್ನು ನೋಡಿ, ಹಳ್ಳಿಗಾಡಿನ ಡಾಕ್ಟರಿಗೆ ವಿಡಿಯೊ ಮೂಲಕ ನಿಯಮಿತವಾಗಿ ಕಲಿಸುವ ‘ಎಕೋ’ ಯೋಜನೆಯನ್ನು 2003ರಲ್ಲಿ ಆರಂಭಿಸಿದರು. ನಿಮ್ಹಾನ್ಸ್ ಅದನ್ನು 2014ರಲ್ಲಿ ಮಾನಸಿಕ ಆರೋಗ್ಯ ಮತ್ತು ವ್ಯಸನ ಚಿಕಿತ್ಸೆಗೆ ಒಗ್ಗಿಸಿಕೊಂಡಿತು; 2018ರಲ್ಲಿ ಡಿಜಿಟಲ್ ಅಕಾಡೆಮಿಯೂ ಬಂತು.

ಎಕೋ ತರಗತಿಯಲ್ಲಿ ಪಾಠಕ್ಕಿಂತ ಕೇಸ್ ಮುಖ್ಯ. ದೂರದ ಜಿಲ್ಲೆಯ ಸಮಾಲೋಚಕಿಯೊಬ್ಬರು ಹೆಸರು ಹೇಳದೆ ತಮ್ಮ ಬಳಿ ಬಂದವರ ಕಥೆಯನ್ನು ಮುಂದಿಡುತ್ತಾರೆ. ಮೂವತ್ತರ ಹೆಂಗಸು, ಸದಾ ಸುಸ್ತು, ನಿದ್ರೆ ಇಲ್ಲ, ಮನೆಯಲ್ಲಿ ಜಗಳ ಎಂದಿಟ್ಟುಕೊಳ್ಳಿ. ಸಂಸಾರದ ಸಮಸ್ಯೆ ಎಂದು ಸಮಾಲೋಚಕಿ ತೀರ್ಮಾನಿಸಿರುತ್ತಾರೆ. ಪರದೆಯ ಆ ಬದಿಯ ತಜ್ಞರು ಒಂದೊಂದಾಗಿ ಕೇಳತೊಡಗುತ್ತಾರೆ: ಥೈರಾಯ್ಡ್ ಪರೀಕ್ಷೆ ಆಗಿದೆಯೇ? ಹಿಂದೆ ಎಂದಾದರೂ ನಿದ್ರೆಯಿಲ್ಲದೆಯೂ ವಿಪರೀತ ಹುರುಪು, ಕೈಬಿಚ್ಚಿ ಖರ್ಚು ಇತ್ತೇ? ಇದ್ದರೆ ಅದು ಬೈಪೋಲಾರ್ ಇರಬಹುದು, ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಕೆಡಬಹುದು. ಗಂಡ ಕುಡಿಯುತ್ತಾನೆಯೇ? ಸಾಯುವ ಯೋಚನೆ ಬಂದಿದೆಯೇ ಎಂದು ಕೇಳಿದ್ದೀರಾ? ಈ ಕೊನೆಯ ಪ್ರಶ್ನೆಗೆ ಅನೇಕರು ತಡವರಿಸುತ್ತಾರೆ. ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ. ಆ ಭಯಕ್ಕೆ ಆಧಾರವಿಲ್ಲ. ನೇರವಾಗಿ ಕೇಳಿದಾಗ ಎದುರಿದ್ದವರ ಎದೆಭಾರ ಇಳಿಯುವುದೇ ಹೆಚ್ಚು.

ಗೋವಾದಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಾತ್ ಸಂಸ್ಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮನಃಶಾಸ್ತ್ರವನ್ನೇ ಓದದ ಸ್ಥಳೀಯರನ್ನು ಆರಿಸಿ, ತೀವ್ರ ಖಿನ್ನತೆಗೆ ಆರರಿಂದ ಎಂಟು ಭೇಟಿಗಳ ಚಿಕಿತ್ಸೆಯೊಂದನ್ನು ಕಲಿಸಿದರು. ಇಲ್ಲಿ ಗಮನಿಸಬೇಕಾದ್ದು ನಂತರದ ಏರ್ಪಾಡು. ಭೇಟಿಗಳ ಧ್ವನಿಮುದ್ರಣವನ್ನು ಸಮಾಲೋಚಕರು ಒಟ್ಟಿಗೆ ಕೂತು ಕೇಳಿ, ಒಬ್ಬರಿಗೊಬ್ಬರು ಅಂಕ ಕೊಡುತ್ತಿದ್ದರು, ತಜ್ಞರು ಜೊತೆಗಿರುತ್ತಿದ್ದರು. 2017ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಬಂತು: ಮೂರು ತಿಂಗಳಲ್ಲಿ ಈ ಚಿಕಿತ್ಸೆ ಪಡೆದವರಲ್ಲಿ ಶೇ 64 ಮಂದಿ ಚೇತರಿಸಿಕೊಂಡಿದ್ದರು, ಮಾಮೂಲಿ ಆರೈಕೆ ಪಡೆದವರಲ್ಲಿ ಶೇ 39. ಸಹೋದ್ಯೋಗಿಯ ಎದುರು ತನ್ನ ತೊದಲುವಿಕೆಯನ್ನು ತಾನೇ ಕೇಳಿಸಿಕೊಳ್ಳುವುದು ಯಾರಿಗೂ ಹಿತವಲ್ಲ. ಯಾವ ಉಪನ್ಯಾಸಕ್ಕಿಂತಲೂ ಅದೇ ಹೆಚ್ಚು ಕಲಿಸುತ್ತದೆ ಎನ್ನಲು ಅಡ್ಡಿಯಿಲ್ಲ.

2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಸಹಾಯವಾಣಿ ಶುರುವಾದ ಮೇಲೆ ಈ ಕಲಿಕೆಗೆ ಅವಸರ ಹೆಚ್ಚಿದೆ. 14416ಕ್ಕೆ ಕರೆ ಮಾಡಿದವರ ಮಾತನ್ನು ಮೊದಲು ಕೇಳುವವರು ಸಮಾಲೋಚಕರು. ಮುಖ ಕಾಣದೆ, ಬರೀ ದನಿಯಿಂದ, ಸಮಾಧಾನ ಸಾಕೇ, ಮನೋವೈದ್ಯರಿಗೆ ವರ್ಗಾಯಿಸಬೇಕೇ ಎಂದು ಅವರು ನಿರ್ಧರಿಸಬೇಕು.

ಕಾನೂನು ಮಾತ್ರ ನಿಧಾನವಾಗಿ ಬರುತ್ತಿದೆ. ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡ ಚಿಕಿತ್ಸಾ ಮನಃಶಾಸ್ತ್ರಜ್ಞರು ನೋಂದಣಿ ನವೀಕರಿಸಲು ಮುಂದುವರಿಕೆ ಶಿಕ್ಷಣದ ಅಂಕ ಕೂಡಿಸಲೇಬೇಕು. ಆಪ್ತ ಸಮಾಲೋಚಕರಿಗೆ ಅಂಥ ಕಟ್ಟಳೆ ಬಹುಕಾಲ ಇರಲೇ ಇಲ್ಲ. ಕೆಲವೇ ತಿಂಗಳ ಡಿಪ್ಲೊಮಾ ಮಾಡಿದವರೂ, ಎರಡು ವರ್ಷ ಎಂ.ಎಸ್ಸಿ. ಓದಿದವರೂ ಒಂದೇ ಬೋರ್ಡಿನ ಹಿಂದೆ ಕೂರಬಹುದಿತ್ತು. 2021ರ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ಕಾಯ್ದೆ ಆರೋಗ್ಯ ಕ್ಷೇತ್ರದ ಸಮಾಲೋಚಕರನ್ನು ಮೊದಲ ಬಾರಿಗೆ ತನ್ನ ಪಟ್ಟಿಗೆ ಸೇರಿಸಿತು. ಇತ್ತ ಶಾಲೆ, ಕಂಪನಿಗಳು ಸಮಾಲೋಚಕರನ್ನು ನೇಮಿಸಿಕೊಳ್ಳುವಾಗ ಪದವಿ ಏನು ಎಂದು ಕೇಳುತ್ತವೆ. ಕಳೆದ ವರ್ಷ ಯಾರ ಮೇಲ್ವಿಚಾರಣೆಯಲ್ಲಿ ಎಷ್ಟು ಕೇಸ್ ಚರ್ಚಿಸಿದ್ದೀರಿ ಎಂದು ಕೇಳುವವರು ಅಪರೂಪ.